ಎಷ್ಟ್ ಕೊಡತ್ತ್?

ಕುಂದಾಪುರದ ಕಡೆ ಯಾರ ಮನೆಯ ಅಂಗಳಕ್ಕೆ ಹೊಸ ಕಾರು ಬಂದು ನಿಂತರೂ ಮೊದಲು ಕೇಳುವ ಪ್ರಶ್ನೆ ಅದರ ಬೆಲೆಯದ್ದಲ್ಲ, ಬಣ್ಣದ್ದೂ ಅಲ್ಲ. ‘ಹ್ವಾಯ್, ಎಷ್ಟ್ ಕೊಡತ್ತ್ ಇದ್?’ ಎಂದು ಕೇಳುತ್ತಾರೆ. ಒಂದು ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದೇ ಪ್ರಶ್ನೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಇದು ನಮ್ಮೂರಿಗೆ ಮಾತ್ರ ಸೀಮಿತವಾದ ಪ್ರಶ್ನೆಯೂ ಅಲ್ಲ. ದೇಶದ ಅತಿ ದೊಡ್ಡ ಕಾರು ಕಂಪನಿ ಇದೇ ಪ್ರಶ್ನೆಯನ್ನು ಹಿಂದಿಯಲ್ಲಿ ಹಿಡಿದು ಒಂದು ಜಾಹೀರಾತು ಸರಣಿಯನ್ನೇ ಮಾಡಿತ್ತು. ಆದರೆ ನನ್ನ ಗಮನವಿರುವುದು ‘ಕೊಡು’ ಎಂಬ ಕ್ರಿಯಾಪದದ ಮೇಲೆ. ಹಸು ಹಾಲು ಕೊಡುತ್ತದೆ, ತೆಂಗಿನ ಮರ ಕಾಯಿ ಕೊಡುತ್ತದೆ, ಗದ್ದೆ ಭತ್ತ ಕೊಡುತ್ತದೆ. ಆ ಸಾಲಿನಲ್ಲಿ ಕಾರನ್ನು ನಿಲ್ಲಿಸಿದವರು ಯಾರೋ ಗೊತ್ತಿಲ್ಲ. ಕಾರು ಏನನ್ನೂ ಕೊಡುವುದಿಲ್ಲ. ಹಾಕಿದ್ದನ್ನು ಸುಡುತ್ತದೆ, ಅಷ್ಟೇ. ಆದರೂ ಅದನ್ನು ಕೊಡುವ ವಸ್ತುವಾಗಿ ಕಲ್ಪಿಸಿಕೊಂಡ ಮೇಲೆಯೇ ನಮ್ಮವರು ಅದನ್ನು ಅಂಗಳದೊಳಗೆ ಬಿಟ್ಟುಕೊಂಡಿದ್ದಾರೆ. ದುಡಿಯದೆ ತಿನ್ನುವ ಜೀವಕ್ಕೆ ಕೃಷಿಯ ಮನೆಯಲ್ಲಿ ಜಾಗ ಕಷ್ಟ.

ನನ್ನ ದೊಡ್ಡಪ್ಪನ ಮಗ ಎರಡು ವರ್ಷದ ಹಿಂದೆ ತಂದ ಕಾರಿಗೆ ಈ ಪ್ರಶ್ನೆ ಕೇಳಿದಾಗ ಬಂದ ಉತ್ತರ ‘ಎಂಟು’. ಪೇಟೆಯಲ್ಲಾದರೆ ಏಳು. ಕೇಳಿದವರು ಮುಂದೆ ಮಾತಾಡಲಿಲ್ಲ. ಎಲೆ ಅಡಿಕೆ ಹಾಕಿಕೊಂಡರು. ಆ ಮೌನದಲ್ಲಿ ಇದ್ದದ್ದು ಅಚ್ಚರಿ ಮಾತ್ರ ಅಲ್ಲ, ಒಂದು ನೈತಿಕ ತೀರ್ಪು ಕೂಡ. ಆ ತೀರ್ಪು ಸರಿಯೇ, ಸರಿಯಾದರೆ ಯಾವ ಕಾರಣಕ್ಕೆ ಸರಿ ಎಂಬುದು ನನ್ನ ತಲೆ ತಿನ್ನುತ್ತಿರುವ ಪ್ರಶ್ನೆ.

ಮೊದಲು ಆ ಎಂಟು ಎಲ್ಲಿಂದ ಬಂತು ಎಂದು ನೋಡೋಣ. ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, ಇನ್ನೂರು ದಾಟಿದ ಅಶ್ವಶಕ್ತಿ. ಕುಂದಾಪುರದಿಂದ ಬೈಂದೂರಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸಮನಾಗಿ ಹೋಗುತ್ತಿರುವ, ಸುಮಾರು 1,400 ಕಿಲೋ ತೂಕದ ಕಾರನ್ನು ಕಲ್ಪಿಸಿಕೊಳ್ಳಿ. ಗಾಳಿಯ ಎದುರೊತ್ತು ಮತ್ತು ಟಯರಿನ ಘರ್ಷಣೆಯನ್ನು ಮೀರಲು ಅದಕ್ಕೆ ಬೇಕಾಗುವುದು ಹತ್ತು ಹದಿನೈದು ಅಶ್ವಶಕ್ತಿ ಮಾತ್ರ. ಅಂದರೆ ಇನ್ನೂರು ಕುದುರೆಗಳಲ್ಲಿ ನೂರ ಎಂಬತ್ತಕ್ಕೂ ಹೆಚ್ಚು ಕೊಟ್ಟಿಗೆಯಲ್ಲಿ ನಿಂತಿವೆ. ನಿಂತ ಕುದುರೆಗೂ ಹುಲ್ಲು ಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಇದು ಉಪಮೆಯಲ್ಲ, ಯಂತ್ರವಿಜ್ಞಾನ. ಕಡಿಮೆ ಶಕ್ತಿ ಸಾಕಾದಾಗ ಥ್ರಾಟಲ್ ಬಾಗಿಲು ಬಹುಪಾಲು ಮುಚ್ಚಿರುತ್ತದೆ. ಎಂಜಿನ್ ಆ ಕಿರಿದಾದ ಸಂದಿಯಿಂದ ಗಾಳಿಯನ್ನು ಏದುಸಿರು ಬಿಟ್ಟು ಎಳೆದುಕೊಳ್ಳಬೇಕು. ಸಣ್ಣ ಕೊಳವೆಯಲ್ಲಿ ಬೊಂಡ ಕುಡಿಯುವಾಗ ಕೆನ್ನೆ ಒಳಗೆ ಹೋಗುತ್ತದಲ್ಲ, ಹಾಗೆ. ಎಂಜಿನ್ ದೊಡ್ಡದಾದಷ್ಟೂ ಈ ವ್ಯರ್ಥ ಎಳೆತ ಮತ್ತು ಒಳಗಿನ ಘರ್ಷಣೆ ಹೆಚ್ಚು. ಬಳಸದ ಸಾಮರ್ಥ್ಯಕ್ಕೂ ದಿನಾ ಊಟ ಹಾಕಬೇಕು ಎಂಬುದೇ ಇದರ ಅರ್ಥ.

ಆ ಮೇಲೆ ನಮ್ಮ ರಸ್ತೆ. ಸಾಸ್ತಾನದ ಟೋಲಿಗೂ ಶಿರೂರಿನ ಟೋಲಿಗೂ ನಡುವೆ ಎಷ್ಟು ಸಲ ಬ್ರೇಕ್ ಹಾಕಬೇಕು ಎಂದು ಅಲ್ಲಿ ಓಡಾಡಿದವರಿಗೆ ಗೊತ್ತು. 80ರ ವೇಗದಲ್ಲಿರುವ ಆ ಕಾರಿನ ಚಲನಶಕ್ತಿ ಸುಮಾರು 3.5 ಲಕ್ಷ ಜೂಲ್. ಒಂದು ಸಲ ನಿಲ್ಲಿಸಿದರೆ ಅಷ್ಟೂ ಬ್ರೇಕ್ ಡಿಸ್ಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಮತ್ತೆ ಅದೇ ವೇಗಕ್ಕೆ ಬರಲು ಎಂಜಿನ್ನಿನ ದಕ್ಷತೆಯನ್ನೂ ಸೇರಿಸಿದರೆ 40ರಿಂದ 50 ಮಿಲಿಲೀಟರ್ ಪೆಟ್ರೋಲ್ ಸುಡಬೇಕು. ಒಂದು ನಿಲುಗಡೆಗೆ ನಾಲ್ಕೈದು ರೂಪಾಯಿ. ಎಮ್ಮೆ ಅಡ್ಡ ಬಂತು, ನಾಲ್ಕು ರೂಪಾಯಿ. ಮೀನಿನ ಗೂಡ್ಸ್ ಆಟೊ ಉಲ್ಟಾ ಬಂತು, ನಾಲ್ಕು ರೂಪಾಯಿ. ಟರ್ಬೊ ಕಾರು ಇಟ್ಟುಕೊಂಡವನು ಪ್ರತಿ ನಿಲುಗಡೆಯ ನಂತರವೂ ಹದವಾಗಿ ಎದ್ದು ಹೋಗುವುದಿಲ್ಲ. ಹದವಾಗಿ ಹೋಗುವುದಿದ್ದರೆ ಆ ಕಾರು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಅದಕ್ಕೇ ಎಂಟು. ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್ ಸೇರಿದ ಮೇಲೆ ಇನ್ನೂ ಸ್ವಲ್ಪ ಇಳಿದಿದೆ. ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ ಇರುವುದರಿಂದ ಲೀಟರಿಗೆ ಆರೇಳು ಶೇಕಡಾ ಶಕ್ತಿ ಲೆಕ್ಕದಿಂದಲೇ ಹೋಗುತ್ತದೆ.

ಇನ್ನು ಹಣದ ಲೆಕ್ಕ. ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಎಂದುಕೊಳ್ಳಿ. ಲೀಟರಿಗೆ ಎಂಟು ಕೊಡುವ ಕಾರಿಗೆ 1,250 ಲೀಟರ್ ಬೇಕು, ಹದಿನೆಂಟು ಕೊಡುವ ಸಾಧಾರಣ ಕಾರಿಗೆ 555. ವ್ಯತ್ಯಾಸ ಸುಮಾರು 695 ಲೀಟರ್. ಲೆಕ್ಕದ ಅನುಕೂಲಕ್ಕೆ ಲೀಟರಿಗೆ ನೂರು ರೂಪಾಯಿ ಇಟ್ಟರೂ ಎಪ್ಪತ್ತು ಸಾವಿರದ ಹತ್ತಿರ. ದೊಡ್ಡ ಮೊತ್ತವೇ. ಆದರೆ ತಮಾಷೆಯೆಂದರೆ ಇಂಥ ಕಾರಿನ ಖರ್ಚಿನಲ್ಲಿ ಪೆಟ್ರೋಲು ದೊಡ್ಡ ಪಾಲಲ್ಲ. ಹತ್ತು ಲಕ್ಷ ಸಾಲ ಮಾಡಿ ಹಳೆಯ ಕಾರು ಕೊಂಡರೆ, ಶೇ. 12 ಬಡ್ಡಿಗೆ, ಐದು ವರ್ಷದ ಕಂತು ತಿಂಗಳಿಗೆ 22,000 ದಾಟುತ್ತದೆ. ಬಡ್ಡಿಯೇ ಮೂರು ಲಕ್ಷದ ಮೇಲೆ. ಹೊಸದಾಗಿ ಕೊಳ್ಳುವವನಿಗೆ ಇಪ್ಪತ್ತು ಲಕ್ಷ ದಾಟಿದರೆ ಕರ್ನಾಟಕದ ಜೀವಾವಧಿ ತೆರಿಗೆಯೇ ಶೇ. 18, ಅದರ ಮೇಲೆ ಸೆಸ್. ಪ್ರತಿ ವರ್ಷ ಕರಗುವ ಮೌಲ್ಯ ಬೇರೆ. ಅಗಲ ಟಯರು ಮೆತ್ತಗಿನ ರಬ್ಬರಿನದ್ದು, ಬೇಗ ಸವೆಯುತ್ತದೆ. ಗಂಗೊಳ್ಳಿ ಮರವಂತೆಯ ಉಪ್ಪುಗಾಳಿ, ನಾಲ್ಕು ತಿಂಗಳ ಜಡಿಮಳೆ, ಒಂದು ವಾರ ನಿಲ್ಲಿಸಿದರೆ ಬ್ರೇಕ್ ಡಿಸ್ಕಿನ ಮೇಲೆ ಕೆಂಪು ತುಕ್ಕು. ಬಿಡಿಭಾಗಕ್ಕೆ ಬೆಂಗಳೂರು ಇಲ್ಲವೇ ಮಂಗಳೂರು. ಹೀಗೆ ನೋಡಿದರೆ ‘ಎಷ್ಟ್ ಕೊಡತ್ತ್’ ಎನ್ನುವವರು ಅತಿ ಸಣ್ಣ ಖರ್ಚನ್ನು ಹಿಡಿದು ಅತಿ ದೊಡ್ಡದನ್ನು ಬಿಟ್ಟಿದ್ದಾರೆ. ಕಂತನ್ನು ಯಾರೂ ಕೇಳುವುದಿಲ್ಲ. ಅದು ಮರ್ಯಾದೆಯ ವಿಷಯ. (ನನ್ನಂಥ ಸಂಶೋಧನಾ ವಿದ್ಯಾರ್ಥಿಗೆ ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000. ಆ ಕಾರಿನ ಕಂತು, ಪೆಟ್ರೋಲು, ವಿಮೆ ಕಳೆದರೆ ನನಗೆ ಉಳಿಯುವುದು ಮೆಸ್ಸಿನ ಬಿಲ್ಲು. ಹಾಗಾಗಿ ನಾನು ನಿರಪೇಕ್ಷ ವಿಮರ್ಶಕ ಎಂದು ಓದುಗರು ನಂಬಬೇಕಾಗಿಲ್ಲ.)

ಈಗ ಇದೇ ಮನೆಯ ಇನ್ನೊಂದು ಲೆಕ್ಕ. ನನ್ನ ಅಜ್ಜನ ಹಟ್ಟಿಯಲ್ಲಿ ಒಂದು ಜೊತೆ ಕಂಬಳದ ಕೋಣಗಳಿದ್ದವು. ನಾನು ನೋಡಿದ್ದಲ್ಲ, ಅಮ್ಮ ಹೇಳಿದ್ದು. ಉಳುವ ಎತ್ತು ಬೇರೆ, ಓಡುವ ಕೋಣ ಬೇರೆ. ಓಡುವ ಕೋಣಗಳನ್ನು ದಿನದ ಉಳುಮೆಗೆ ಕಟ್ಟುತ್ತಿರಲಿಲ್ಲ. ವರ್ಷದಲ್ಲಿ ನಾಲ್ಕಾರು ದಿನ, ವಂಡಾರು, ತಗ್ಗರ್ಸೆಯಂಥ ಕಂಬಳಗದ್ದೆಯಲ್ಲಿ, ಕೆಲವೇ ನಿಮಿಷ ಓಡಲು ಅವು ವರ್ಷವಿಡೀ ಬೇಯಿಸಿದ ಹುರುಳಿ ತಿನ್ನುತ್ತಿದ್ದವು, ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದವು, ಹೊಳೆಯಲ್ಲಿ ಈಜುತ್ತಿದ್ದವು. ಇವತ್ತು ಒಳ್ಳೆಯ ಜೊತೆಯ ಬೆಲೆ ಲಕ್ಷಗಳಲ್ಲಿದೆ. ಹಟ್ಟಿಗೆ ಫ್ಯಾನು, ಈಜಲು ಕೊಳ, ನೋಡಿಕೊಳ್ಳಲು ಸಂಬಳದ ಆಳು. ಇದಕ್ಕಿಂತ ಶುದ್ಧವಾದ ಪರ್ಫಾರ್ಮೆನ್ಸ್ ವಾಹನ ನಮ್ಮ ಕರಾವಳಿಯಲ್ಲಿ ಹುಟ್ಟಿಲ್ಲ. ವೇಗ ಎಷ್ಟೆಂದು ಕೇಳಿದರೆ ನಗು ಬರಬಹುದು. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿ ದೇಶದ ಸುದ್ದಿಯಾದರು. ಗಂಟೆಗೆ ಲೆಕ್ಕ ಹಾಕಿದರೆ 38 ಕಿಲೋಮೀಟರ್ ಆಗುವುದಿಲ್ಲ. ಹಳೆಯ ಮೊಪೆಡ್ ಹಿಂದಿಕ್ಕಬಹುದು.

ಆದರೂ ಅಜ್ಜನ ಕೋಣಗಳನ್ನು ನೋಡಿ ‘ಎಷ್ಟ್ ಕೊಡತ್ತ್’ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ಕೇಳಿದವನೇ ಸಣ್ಣವನಾಗುತ್ತಿದ್ದ. ಒಂದೇ ಮನೆ, ಒಂದೇ ಅಂಗಳ, ಎರಡೂ ದುಡಿಯದೆ ತಿನ್ನುವ ಜೀವಗಳು. ಒಂದಕ್ಕೆ ಗೌರವ, ಇನ್ನೊಂದಕ್ಕೆ ಎಲೆ ಅಡಿಕೆಯ ಮೌನ. ಯಾಕೆ?

ಸುಲಭದ ಉತ್ತರವೊಂದು ಅರಿಸ್ಟಾಟಲನಲ್ಲಿ ಸಿಗುತ್ತದೆ. ನೀತಿಶಾಸ್ತ್ರದ ತನ್ನ ಗ್ರಂಥದಲ್ಲಿ ಅವನು ದಾನಗುಣದ ಪಕ್ಕದಲ್ಲೇ ಇನ್ನೊಂದು ಸದ್ಗುಣವನ್ನು ಇಡುತ್ತಾನೆ. ದೊಡ್ಡ ಮೊತ್ತವನ್ನು ತಕ್ಕ ಸಂದರ್ಭದಲ್ಲಿ, ತಕ್ಕ ರುಚಿಯಿಂದ ಖರ್ಚು ಮಾಡುವ ಗುಣ. ಊರಿಗೆ ಹಡಗು ಕಟ್ಟಿಸುವುದು, ನಾಟಕದ ಮೇಳಕ್ಕೆ ಹಣ ಕೊಡುವುದು, ದೇವರಿಗೆ ಬಲಿ ಅರ್ಪಿಸುವುದು. ಇಂಥ ಖರ್ಚಿನಲ್ಲಿ ಉಳಿತಾಯದ ಲೆಕ್ಕ ಹಿಡಿಯುವುದೇ ಕೀಳುತನ ಎಂಬುದು ಅವನ ಮಾತಿನ ಧಾಟಿ. ನಮ್ಮವರಿಗೆ ಇದನ್ನು ಗ್ರೀಕಿನಿಂದ ಕಲಿಯಬೇಕಾಗಿಲ್ಲ. ಮಂದಾರ್ತಿಯ ಐದು ಮೇಳಗಳ ಹರಕೆ ಆಟಕ್ಕೆ ಮುಂಗಡ ಬರೆಸಿ ವರ್ಷಗಟ್ಟಲೆ ಕಾಯುವ ಕುಟುಂಬಗಳು ಬ್ರಹ್ಮಾವರ, ಕುಂದಾಪುರದ ತುಂಬ ಇವೆ. ಒಂದು ರಾತ್ರಿಯ ಆಟ, ಊರಿಗೆಲ್ಲ ಊಟ, ಬೆಳಗಾದರೆ ಏನೂ ಉಳಿಯುವುದಿಲ್ಲ. ಕಂಬಳವೂ ಹಾಗೆ. ಗದ್ದೆ ದೇವರದ್ದು ಅಥವಾ ದೊಡ್ಡ ಮನೆಯದ್ದು, ಓಟ ಎಲ್ಲರ ಕಣ್ಣಿಗೆ, ಮುಗಿದ ಮೇಲೆ ಅದೇ ಕೆಸರಿನಲ್ಲಿ ನಾಟಿ. ಕೋಣದ ಖರ್ಚು ಊರಿಗೆ ಹಂಚಿಹೋಗುತ್ತದೆ. ಕಾರಿನ ಸುಖ ಸ್ಟೀರಿಂಗ್ ಹಿಡಿದ ಒಬ್ಬನ ಬೆನ್ನುಹುರಿಯಲ್ಲಿ ಹುಟ್ಟಿ ಅಲ್ಲೇ ಸಾಯುತ್ತದೆ. ಹಾಗಾಗಿ ಒಂದು ವೈಭವ, ಇನ್ನೊಂದು ದುಂದು. ಮುಗಿಯಿತು.

ಮುಗಿಯಲಿಲ್ಲ. ಈ ಉತ್ತರ ಕಂಬಳದ ಬಗ್ಗೆ ತುಂಬ ಉದಾರವಾಗಿದೆ. ಅಮ್ಮ ಹೇಳುವ ಕತೆಯಲ್ಲಿ ಕೋಣಗಳ ಹುರುಳಿ ಬೇಯಿಸುತ್ತಿದ್ದದ್ದು ಅಜ್ಜಿ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹಂಡೆಗೆ ಬೆಂಕಿ ಹಾಕಬೇಕು. ಬೆಂದ ಕಾಳು ಹಟ್ಟಿಗೆ, ಬಸಿದ ಕಟ್ಟು ಅಡುಗೆಮನೆಗೆ. ನಮ್ಮ ಕಡೆಯ ಪ್ರಸಿದ್ಧ ಹುರುಳಿ ಸಾರಿನ ಮೂಲ ಇದೇ, ದನಕ್ಕೆ ಬೇಯಿಸಿದ ಹುರುಳಿಯ ನೀರು. (ಟರ್ಬೊ ಎಂಜಿನ್ನೂ ಹೀಗೆಯೇ ಹೊರಗೆ ಹೋಗುವ ಹೊಗೆಯ ಬಿಸಿಯಿಂದ ತನ್ನ ಚಕ್ರ ತಿರುಗಿಸಿಕೊಳ್ಳುತ್ತದೆ. ಅಜ್ಜಿ ಆ ವಿದ್ಯೆಯನ್ನು ಮೊದಲೇ ಕಂಡುಕೊಂಡಿದ್ದಳು.) ಸಾರು ರುಚಿ ನಿಜ. ಆದರೆ ಮಳೆಗಾಲದ ಕೊನೆಯಲ್ಲಿ ಅಕ್ಕಿ ಕಡಿಮೆಯಾದ ಮನೆಯಲ್ಲಿ ಕಾಳು ಯಾರಿಗೆ, ನೀರು ಯಾರಿಗೆ ಎಂಬುದರಲ್ಲಿ ಒಂದು ತತ್ವಶಾಸ್ತ್ರವೇ ಇದೆ. ಅಜ್ಜಿ ಒಂದೇ ಒಂದು ಕಂಬಳ ನೋಡಿದವಳಲ್ಲ. ಕಂಬಳದ ದಿನ ಮನೆಗೆ ಬರುವವರಿಗೆ ಅಡುಗೆ ಯಾರು ಮಾಡುವುದು?

ಅಜ್ಜಿಯ ಕತೆಯಾದರೂ ಸೌಮ್ಯ. ಕರಾವಳಿಯ ಕಂಬಳಗಳ ಹಿಂದಿನ ರಾತ್ರಿ ಕೊರಗರನ್ನು ಇಬ್ಬನಿಯಲ್ಲಿ ಡೋಲು ಬಾರಿಸುತ್ತ ಕೂರಿಸುತ್ತಿದ್ದರು. ಕೋಣ ಇಳಿಯುವ ಮೊದಲು ಗದ್ದೆಯಲ್ಲಿ ಅವರನ್ನು ಓಡಿಸುತ್ತಿದ್ದರು. ಕೆಸರಿನಲ್ಲಿ ಮುಳ್ಳೋ ಗಾಜೋ ಇದ್ದರೆ ಅದು ಕೋಣದ ಕಾಲಿಗೆ ಚುಚ್ಚಬಾರದಲ್ಲ. ಇಂಥ ಅಜಲು ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಲು 2000ನೇ ಇಸವಿ ಬರಬೇಕಾಯಿತು. 2014ರಿಂದ 2023ರವರೆಗೆ ಕಂಬಳದ ಬಗ್ಗೆ ನಡೆದ ದೊಡ್ಡ ಚರ್ಚೆ, ಕೋರ್ಟಿನ ಒಳಗೂ ಹೊರಗೂ, ಕೋಣಕ್ಕೆ ನೋವಾಗುತ್ತದೆಯೇ ಎಂಬುದರ ಸುತ್ತ ನಡೆಯಿತು. ಅದು ಕೇಳಲೇಬೇಕಾದ ಪ್ರಶ್ನೆ. ಆದರೆ ಓಡುವ ಪ್ರಾಣಿಯ ವೈಭವಕ್ಕೆ ಯಾವ ಯಾವ ಮನುಷ್ಯರು ಇಂಧನವಾದರು ಎಂಬ ಪ್ರಶ್ನೆಗೆ ಅಷ್ಟು ಜನ ಸೇರಲಿಲ್ಲ.

ಅಲ್ಲಿಗೆ ನನಗೆ ಅನ್ನಿಸುವುದಿಷ್ಟು. ಖರ್ಚು ಊರಿಗೆ ಹಂಚಿಹೋಗುತ್ತದೆ ಎಂದಾಗ ಸುಖ ಮಾತ್ರ ಹಂಚಿಹೋಗುವುದಿಲ್ಲ, ಭಾರವೂ ಹಂಚಿಹೋಗುತ್ತದೆ. ಭಾರವನ್ನು ಹಂಚುವ ಕೈ ಸುಖವನ್ನು ಹಂಚುವ ಕೈಯಷ್ಟು ಧಾರಾಳವಲ್ಲ. ಹಾಗಾಗಿ ಕೋಣದ ಪರಂಪರೆಯನ್ನು ತೋರಿಸಿ ಕಾರನ್ನು ಹೀಗಳೆಯುವ ಹಕ್ಕು ನಮ್ಮ ಹಿರಿಯರಿಗೆ ಇದೆ ಎಂದು ನಾನು ಒಪ್ಪುವುದಿಲ್ಲ. ಅಣ್ಣ ತನ್ನ ಕಾರಿಗಾಗಿ ಯಾರನ್ನೂ ಇಬ್ಬನಿಯಲ್ಲಿ ಕೂರಿಸಿಲ್ಲ.

ಅವನ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಎಸ್ಸೆಸ್ಸೆಲ್ಸಿ ಫೇಲಾದ ವರ್ಷವೇ ಬಸ್ ಹತ್ತಿ ಬೆಂಗಳೂರಿಗೆ ಹೋದ. ನಮ್ಮೂರಿನ ಅರ್ಧ ಗಂಡಸರು ಹೋದ ಹಾಗೆ, ಹೋಟೆಲಿಗೆ. ಮೊದಲು ಟೇಬಲ್ ಒರೆಸುವುದು, ಆಮೇಲೆ ತಟ್ಟೆ, ಆಮೇಲೆ ಕಾವಲಿ. ಈಗ ಅವನದ್ದೇ ಸಣ್ಣ ದರ್ಶಿನಿ, ಪಾಲುದಾರಿಕೆಯಲ್ಲಿ. ಕಾರಿನ ಬಗ್ಗೆ ನಾನು ಒಮ್ಮೆ ಸಂಶೋಧಕನ ಗತ್ತಿನಲ್ಲಿ ಕೇಳಿದ್ದಕ್ಕೆ ಅವನು ಹೇಳಿದ್ದು: ‘ಇಪ್ಪತ್ ವರ್ಷ ಒಂದೇ ಬದಿ ನಿಂತ್ಕಂಡ್ ದ್ವಾಸಿ ಹೊಯ್ದೆ. ಈಗ ಒಂಚೂರ್ ಓಡ್ತೆ. ಅದ್ರಗೆ ಎಂತ ತಪ್ಪಿತ್ತ್?’ ಅವನು ಬೆಂಗಳೂರಿನಲ್ಲಿ ಆ ಕಾರನ್ನು ಓಡಿಸುವುದೇ ಕಡಿಮೆ. ಊರಿಗೆ ಬರುವಾಗ ಹುಲಿಕಲ್ ಘಾಟಿ ಇಳಿಯುತ್ತ, ಬೆಳಗಿನ ಐದು ಗಂಟೆಗೆ ಮರವಂತೆಯಲ್ಲಿ, ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ, ಎರಡನೇ ಗೇರಿನಿಂದ ಮೂರಕ್ಕೆ ಬೀಳುವಾಗ ಬೆನ್ನು ಸೀಟಿಗೆ ಒತ್ತಿಕೊಳ್ಳುವ ಆ ಮೂರು ಸೆಕೆಂಡು. ಅವನು ಕೊಂಡದ್ದು ಅದನ್ನು. ಮೈಲೇಜ್ ಕೇಳಿ ಮೌನವಾದವರಲ್ಲಿ ಹೆಚ್ಚಿನವರು ಪಿತ್ರಾರ್ಜಿತ ಗದ್ದೆ, ತೋಟ ಇದ್ದವರು. ಮಿತವ್ಯಯ ಅನ್ನುವುದು ಮೊದಲೇ ಇದ್ದವರಿಗೆ ಸುಲಭವಾಗಿ ಒದಗುವ ಸದ್ಗುಣ. ಇಲ್ಲದವನು ಖರ್ಚು ಮಾಡಿದಾಗ ಮಾತ್ರ ಅದು ಉಪದೇಶವಾಗುತ್ತದೆ. 1899ರಲ್ಲಿ ವೆಬ್ಲೆನ್ ತೋರಿಕೆಯ ಖರ್ಚಿನ ಬಗ್ಗೆ ಬರೆದದ್ದನ್ನು ಇಂಥವನ ಮೇಲೆ ಹೊರಿಸುವುದು ಸುಲಭ. ಬೆಳಗಿನ ಐದಕ್ಕೆ ಮರವಂತೆಯಲ್ಲಿ ನೋಡುವವರು ಯಾರಿದ್ದಾರೆ ಎಂಬ ಪ್ರಶ್ನೆಗೆ ಮಾತ್ರ ವೆಬ್ಲೆನ್‌ನಲ್ಲಿ ಉತ್ತರ ಇಲ್ಲ.

ತತ್ವಶಾಸ್ತ್ರದಲ್ಲಿ ಒಂದು ಪ್ರಸಿದ್ಧ ಪರ್ಫಾರ್ಮೆನ್ಸ್ ಕಾರು ಇದೆ. ಪೀಟರ್ ಉಂಗರ್ 1996ರ ತನ್ನ ಪುಸ್ತಕದಲ್ಲಿ ತಂದದ್ದು, ಪೀಟರ್ ಸಿಂಗರ್ 1999ರಲ್ಲಿ ನ್ಯೂಯಾರ್ಕ್ ಟೈಮ್ಸಿನ ಭಾನುವಾರದ ಮ್ಯಾಗಜಿನ್ನಿನಲ್ಲಿ ಜನಪ್ರಿಯಗೊಳಿಸಿದ್ದು. ಬಾಬ್ ಎಂಬವನು ನಿವೃತ್ತಿಗೆ ಹತ್ತಿರದವನು. ಉಳಿತಾಯದ ಬಹುಪಾಲನ್ನು ಒಂದು ಅಪರೂಪದ ಬುಗಾಟಿ ಕಾರಿಗೆ ಹಾಕಿದ್ದಾನೆ. ವಿಮೆ ಇಲ್ಲ. ಒಂದು ದಿನ ಅದನ್ನು ರೈಲಿನ ಕವಲು ಹಳಿಯೊಂದರ ತುದಿಯಲ್ಲಿ ನಿಲ್ಲಿಸಿ ನಡೆದು ಹೋಗುವಾಗ, ಹಿಡಿತ ತಪ್ಪಿದ ರೈಲೊಂದು ದೂರದ ಮಗುವಿನ ಕಡೆ ನುಗ್ಗುತ್ತಿರುವುದು ಕಾಣುತ್ತದೆ. ಕೈಗೆ ಸಿಗುವ ಸ್ವಿಚ್ ಎಳೆದರೆ ರೈಲು ಪಕ್ಕದ ಹಳಿಗೆ ಬರುತ್ತದೆ, ಮಗು ಉಳಿಯುತ್ತದೆ, ಕಾರು ಪುಡಿಯಾಗುತ್ತದೆ. ಬಾಬ್ ಎಳೆಯುವುದಿಲ್ಲ. ಅವನನ್ನು ನಾವೆಲ್ಲ ಖಂಡಿಸುತ್ತೇವೆ. ಹಾಗಾದರೆ, ದೂರದ ಮಗುವನ್ನು ಉಳಿಸಬಲ್ಲ ಹಣವನ್ನು ಬೇಕಿಲ್ಲದ ಸುಖಕ್ಕೆ ಸುರಿಯುವ ನಾವು ಬಾಬ್‌ಗಿಂತ ಯಾವುದರಲ್ಲಿ ಮೇಲು ಎಂಬುದು ಸಿಂಗರನ ಪ್ರಶ್ನೆ.

ಇದು ತಪ್ಪಿಸಿಕೊಳ್ಳಲಾಗದ ವಾದ ಎಂದು ಕ್ಲಾಸಿನಲ್ಲಿ ಹೇಳುತ್ತಾರೆ. ಆದರೆ ಈ ವಾದ ಅಣ್ಣನ ಕಾರಿನ ಜೊತೆಗೆ ಮಂದಾರ್ತಿಯ ಹರಕೆ ಆಟವನ್ನೂ ಅಜ್ಜನ ಕೋಣವನ್ನೂ ನನ್ನ ಪಿಎಚ್‌ಡಿಯನ್ನೂ ಒಂದೇ ಬಲೆಗೆ ಹಾಕುತ್ತದೆ. ಎಲ್ಲವನ್ನೂ ಸಮನಾಗಿ ಹಿಡಿಯುವ ಬಲೆಯಿಂದ ಹದಿನೆಂಟು ಕೊಡುವ ಕಾರಿಗೂ ಎಂಟು ಕೊಡುವ ಕಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಅದಕ್ಕಿಂತ ಮುಖ್ಯ, ಬಾಬ್‌ನ ಕಾರು ಹಳಿಯ ಮೇಲೆ ನಿಂತಿದೆ. ಅದು ಓಡುವುದಿಲ್ಲ. ತತ್ವಶಾಸ್ತ್ರದ ಅತಿ ಪ್ರಸಿದ್ಧ ಕಾರಿಗೆ ಪೆಟ್ರೋಲ್ ಖರ್ಚಿಲ್ಲ. ಬಾಬ್ ಒಂದೇ ಒಂದು ಸಲ, ಒಂದೇ ಒಂದು ಸ್ವಿಚ್ಚಿನ ಮುಂದೆ ತೀರ್ಮಾನಿಸಬೇಕು. ನಿಜವಾದ ಕಾರು ದಿನಾ ತಿನ್ನುತ್ತದೆ. ಅದರ ಎದುರಿನ ಮಗುವೂ ದೂರದಲ್ಲಿಲ್ಲ.

ಅಣ್ಣ ಕಾರು ತಂದ ವರ್ಷವೇ ಅವನ ತಂಗಿಗೆ ಮಂಗಳೂರಿನಲ್ಲಿ ಎಂಎಸ್ಸಿ ಸೀಟು ಸಿಕ್ಕಿತ್ತು. ಹಾಸ್ಟೆಲ್ಲು ಸೇರಿ ವರ್ಷಕ್ಕೆ ಒಂದು ಲಕ್ಷದ ಮೇಲೆ. ‘ಈ ವರ್ಷ ಕಷ್ಟ’ ಎಂದರು ಮನೆಯಲ್ಲಿ. ಕಾರಿನ ಹೆಸರು ಯಾರೂ ಎತ್ತಲಿಲ್ಲ, ಅಣ್ಣನೂ ಎತ್ತಲಿಲ್ಲ. ಅವಳು ಈಗ ದಿನಾ ಬಸ್ಸಿನಲ್ಲಿ ಕುಂದಾಪುರಕ್ಕೆ ಹೋಗಿ ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡುತ್ತಾಳೆ. ಸಿಂಗರನ ಭಾಷೆಯಲ್ಲಿ ಇದು ಸಾವು ಬದುಕಿನ ಪ್ರಶ್ನೆಯಲ್ಲ. ಅಜ್ಜಿಯ ಭಾಷೆಯಲ್ಲಿ ಇದು ಕಾಳು ಯಾರಿಗೆ, ಕಟ್ಟು ಯಾರಿಗೆ ಎಂಬ ಪ್ರಶ್ನೆ. ಸ್ವಂತ ದುಡಿಮೆಯ ಹಣ ಅವನದ್ದೇ ಎಂದು ವಾದಿಸಬಹುದು, ಕಾನೂನಿನಲ್ಲಿ ಅದು ಸರಿಯೂ ಹೌದು. ಆದರೆ ಅವನು ಬೆಂಗಳೂರಿನಲ್ಲಿ ನಿಂತು ದೋಸೆ ಹೊಯ್ಯುವಾಗ ಇಲ್ಲಿ ದೊಡ್ಡಪ್ಪನ ಔಷಧಿ, ಹಟ್ಟಿ, ಕೊಯ್ಲು ಎಲ್ಲ ನೋಡಿಕೊಂಡದ್ದು ಅವಳು. ಆ ಹತ್ತು ವರ್ಷದ ಕೆಲಸಕ್ಕೆ ಸಂಬಳದ ಚೀಟಿ ಇಲ್ಲ. ಓಡುವ ಯಂತ್ರದ ನಿಜವಾದ ಮೈಲೇಜ್ ತಿಳಿಯಬೇಕಾದರೆ ಟ್ಯಾಂಕಿಗೆ ಹಾಕಿದ್ದನ್ನು ಮಾತ್ರ ಅಳೆದರೆ ಸಾಲದು.

ಇನ್ನು ಎರಡು ಲೆಕ್ಕಗಳಿವೆ, ಅವು ಮನೆಯ ಹೊರಗಿನವು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ಮೇಲೆ ಹೇಳಿದ ಹೆಚ್ಚುವರಿ 695 ಲೀಟರಿಗೆ ಒಂದೂವರೆ ಟನ್ನಿನ ಮೇಲಾಯಿತು. ಸರಾಸರಿ ಭಾರತೀಯನೊಬ್ಬನ ಇಡೀ ವರ್ಷದ ಪಾಲು ಸುಮಾರು ಎರಡು ಟನ್. ಅಂದರೆ ಬೆನ್ನು ಸೀಟಿಗೆ ಒತ್ತುವ ಆ ಸುಖಕ್ಕೆ ಇನ್ನೊಬ್ಬ ಮನುಷ್ಯನ ವರ್ಷದ ಪಾಲಿನ ಬಹುಭಾಗ ಹೋಗುತ್ತದೆ. ಪೆಟ್ರೋಲ್ ಬಂಕಿನಲ್ಲಿ ಆ ಮನುಷ್ಯನಿಗೆ ಸಲ್ಲಿಸುವ ಕಾಲಂ ಇಲ್ಲ. (ವಿಚಾರ ಸಂಕಿರಣಕ್ಕೆಂದು ಯುರೋಪಿಗೆ ಒಮ್ಮೆ ಹಾರಿ ಬರುವ ಪ್ರಾಧ್ಯಾಪಕರ ಲೆಕ್ಕವೂ ಇದರ ಆಸುಪಾಸಿನದ್ದೇ. ಅವರನ್ನು ಯಾರೂ ಎಷ್ಟ್ ಕೊಡತ್ತ್ ಎಂದು ಕೇಳುವುದಿಲ್ಲ.)

ಎರಡನೆಯದು ರಸ್ತೆ. ನನಗೆ ಇದೇ ಅತಿ ಗಂಭೀರವಾದದ್ದು. 80ರಿಂದ 120ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಚಲನಶಕ್ತಿ ಎರಡೂಕಾಲು ಪಟ್ಟು. ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕಿನಲ್ಲಿ, ಚಾಲಕ ಎಚ್ಚೆತ್ತುಕೊಳ್ಳುವ ಒಂದೂವರೆ ಸೆಕೆಂಡನ್ನೂ ಸೇರಿಸಿದರೆ, 80ರಲ್ಲಿ ನಿಲ್ಲಲು ಬೇಕಾಗುವುದು 70 ಮೀಟರಿನ ಹತ್ತಿರ, 120ರಲ್ಲಿ 130 ಮೀಟರಿನ ಹತ್ತಿರ. ಮಳೆಯಲ್ಲಿ ಹೇಳುವುದೇ ಬೇಡ. ನಮ್ಮ ಹೆದ್ದಾರಿ ಊರನ್ನು ಸುತ್ತಿಕೊಂಡು ಹೋಗುವುದಿಲ್ಲ, ಊರನ್ನೇ ಸೀಳಿಕೊಂಡು ಹೋಗುತ್ತದೆ. ಈ ಬದಿಗೆ ಮನೆ, ಆ ಬದಿಗೆ ಶಾಲೆ, ನಡುವೆ ನಾಲ್ಕು ಪಥ. ಕೋಟದಲ್ಲೋ ತ್ರಾಸಿಯಲ್ಲೋ ಬ್ಯಾಗು ಹೊತ್ತು ಡಿವೈಡರಿನ ಮೇಲೆ ನಿಂತ ಮಗು ಬರುವ ಕಾರಿನ ವೇಗವನ್ನು ಬಸ್ಸಿನ ವೇಗದ ಅಂದಾಜಿನಲ್ಲಿ ಅಳೆಯುತ್ತದೆ. ಕಂಬಳದ ಕರೆಗೆ ಒಂದು ಕೊನೆ ಇದೆ. ತುಳುವಿನಲ್ಲಿ ಮಂಜೊಟ್ಟಿ ಎನ್ನುತ್ತಾರೆ. ಕೋಣ ಎಷ್ಟು ಹುಚ್ಚೆದ್ದು ಬಂದರೂ ಆ ಏರಿನಲ್ಲಿ ನಿಲ್ಲಬೇಕು, ಅಲ್ಲಿ ಹಿಡಿಯಲು ಜನ ಇರುತ್ತಾರೆ. ಗದ್ದೆಯ ಅಂಚಿನಲ್ಲಿ ನಿಂತವರು ಓಟ ನೋಡಲೆಂದೇ ಬಂದವರು. ಹೆದ್ದಾರಿಯಲ್ಲಿ ನಿಂತ ಮಗು ಓಟ ನೋಡಲು ಬಂದದ್ದಲ್ಲ. ಒಪ್ಪಿಗೆ ಕೇಳದೆ ಇನ್ನೊಬ್ಬರನ್ನು ನಮ್ಮ ಸುಖದ ಕರೆಯೊಳಗೆ ಎಳೆದುಕೊಳ್ಳುವ ಹಕ್ಕು ಇಪ್ಪತ್ತು ವರ್ಷ ನಿಂತು ದುಡಿದದ್ದರಿಂದಲೂ ಬರುವುದಿಲ್ಲ. ಅಣ್ಣನಿಗೆ ಇದನ್ನು ನಾನು ಹೇಳಿದ್ದೇನೆ. ಅವನು ಬೆಳಗಿನ ಐದು ಗಂಟೆಯನ್ನು ಆರಿಸಿಕೊಂಡದ್ದು ಅದಕ್ಕೇ ಎಂದ. ಬೆಳಗಿನ ಐದಕ್ಕೆ ಬಂದರಿನ ಕಡೆ ಸೈಕಲ್ಲಿನಲ್ಲಿ ಹೋಗುವವರು ಇರುತ್ತಾರೆ ಎಂದೆ. ಆಮೇಲೆ ಇಬ್ಬರೂ ಚಾ ಕುಡಿದೆವು.

ಈ ಚರ್ಚೆ ಇನ್ನು ಕೆಲವೇ ವರ್ಷದಲ್ಲಿ ಹಳತಾಗುತ್ತದೆ ಎಂದು ನನಗೆ ಅನ್ನಿಸುತ್ತಿದೆ. ವಿದ್ಯುತ್ ಮೋಟರಿಗೆ ಥ್ರಾಟಲಿನ ಏದುಸಿರಿಲ್ಲ. ನಿಂತ ಕುದುರೆಗೆ ಅದು ಬಹುಮಟ್ಟಿಗೆ ಹುಲ್ಲು ಹಾಕುವುದಿಲ್ಲ. ಬ್ರೇಕ್ ಹಾಕಿದಾಗ ಚಲನಶಕ್ತಿಯ ಒಂದು ಪಾಲನ್ನು ಬ್ಯಾಟರಿಗೇ ಮರಳಿಸುತ್ತದೆ. 2024ರ ಕೊನೆಗೆ ಮಹೀಂದ್ರಾ ತಂದ ಬಿಇ 6ರ ಆರಂಭದ ಮಾದರಿಯಲ್ಲೇ 231 ಅಶ್ವಶಕ್ತಿ ಇದೆ, ಘೋಷಿಸಿದ ಬೆಲೆ 18.90 ಲಕ್ಷ. ಮನೆಯಲ್ಲೇ ಚಾರ್ಜ್ ಮಾಡಿದರೆ ಇಂಥ ಕಾರಿಗೆ ಕಿಲೋಮೀಟರಿಗೆ ಒಂದೂಕಾಲು ರೂಪಾಯಿ ಆಸುಪಾಸು. ಅಣ್ಣನ ಕಾರಿಗೆ ಹನ್ನೆರಡರ ಮೇಲೆ. ಅಂದರೆ ಅಂಗಳದ ಮೌನಕ್ಕೆ ಕಾರಣವೇ ಇಲ್ಲವಾಗುತ್ತದೆ. ಎಲೆ ಅಡಿಕೆಯವರು ತಲೆದೂಗುತ್ತಾರೆ. ಆದರೆ ರಸ್ತೆ ಅದೇ, ಡಿವೈಡರಿನ ಮೇಲಿನ ಮಗು ಅದೇ, 130 ಮೀಟರೂ ಅದೇ. ಇಷ್ಟು ದಿನ ಪೆಟ್ರೋಲಿನ ಬೆಲೆ ಒಂದು ಒರಟು ಬ್ರೇಕಿನ ಹಾಗೆ ಕೆಲಸ ಮಾಡುತ್ತಿತ್ತು. ಜಿಪುಣತನ ನಮ್ಮನ್ನು ಎಷ್ಟೋ ಸಲ ಸಜ್ಜನರನ್ನಾಗಿ ಇಟ್ಟಿತ್ತು. ಖರ್ಚೇ ಇಲ್ಲದ ವೇಗ ಬಂದ ಮೇಲೆ ಯಾವ ಪ್ರಶ್ನೆ ಕೇಳಬೇಕು ಎಂಬುದಕ್ಕೆ ಕುಂದಗನ್ನಡದಲ್ಲಿ ಇನ್ನೂ ವಾಕ್ಯ ಹುಟ್ಟಿಲ್ಲ.

ಅಣ್ಣ ಈ ಮಳೆಗಾಲಕ್ಕೆ ಮೊದಲು ಕಾರು ಮಾರುವ ಯೋಚನೆಯಲ್ಲಿದ್ದಾನೆ. ದರ್ಶಿನಿಯ ಬಾಡಿಗೆ ಏರಿದೆ. ಮಾರಿ ಬಂದ ಹಣದಲ್ಲಿ ಸಾಲ ತೀರಿ ಏನಾದರೂ ಉಳಿದರೆ ನಿನ್ನ ಓದಿಗೆ ಆಗಬಹುದಲ್ಲ ಎಂದು ನಾನು ತಂಗಿಗೆ ಹೇಳಿದೆ. ಅವಳು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು: ‘ಮಾರೂದಾರೆ ಮಾರ್ಲಿ. ಅದಕ್ಕಿಂತ ಮುಂಚೆ ನಂಗ್ ಒಂದ್ಸಲ ಮರವಂತಿ ಬದಿ ಬಿಡುಕೆ ಕೊಡ್ಲಿ.’